ಬಂಡವಾಳದ ನಾಲೆಗೂ ನೀರುಗಂಟಿ ಬೇಕು

ಕಳೆದ ವರ್ಷ ಮಾರ್ಕೋನಹಳ್ಳಿ ಕಡೆಯ ಯುವಕನೊಬ್ಬ ನನ್ನನ್ನು ಹುಡುಕಿಕೊಂಡು ಬಂದಿದ್ದ. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ನೌಕರಿ ಮಾಡಿ ಊರಿಗೆ ಮರಳಿದವನು. ತೆಂಗಿನ ತೋಟದ ಮಣ್ಣಿನ ತೇವಾಂಶವನ್ನು ಅಳೆದು, ಅಗತ್ಯವಿದ್ದಾಗ ಮಾತ್ರ ಕೊಳವೆಬಾವಿಯ ಪಂಪನ್ನು ಚಾಲೂ ಮಾಡುವ ಸಣ್ಣ ಉಪಕರಣವೊಂದನ್ನು ರೂಪಿಸಿದ್ದ. ಅಕ್ಕಪಕ್ಕದ ಹದಿನಾಲ್ಕು ತೋಟಗಳಲ್ಲಿ ಅದು ಕೆಲಸ ಮಾಡುತ್ತಿತ್ತು. ಅಚ್ಚು, ಬಿಡಿಭಾಗ, ಸಹಾಯಕನೊಬ್ಬನ ಸಂಬಳ ಎಲ್ಲ ಸೇರಿ ಮುಂದಿನ ಹಂತಕ್ಕೆ ಅವನಿಗೆ ಬೇಕಾಗಿದ್ದುದು 12 ಲಕ್ಷ ರೂಪಾಯಿ. ನವೋದ್ಯಮಿಗಳನ್ನೂ ಹೂಡಿಕೆದಾರರನ್ನೂ ಬೆಸೆಯುವುದಾಗಿ ಹೇಳಿಕೊಳ್ಳುವ ಮೂರು ಜಾಲತಾಣಗಳಲ್ಲಿ ಹೆಸರು ನೋಂದಾಯಿಸಿ ಐದು ತಿಂಗಳು ಕಾದಿದ್ದ. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಯಾಂತ್ರಿಕ ಉತ್ತರದ ಹೊರತು ಬೇರೇನೂ ಬಂದಿರಲಿಲ್ಲ. ‘ಬೇಡ ಅಂದ್ರೂ ಸರಿ ಸಾರ್, ಯಾಕೆ ಬೇಡ ಅಂತ ಹೇಳಿದ್ರೆ ಸಾಕಿತ್ತು’ ಎಂದ.

ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ದುಡಿದ ನನಗೆ ಬೆಂಗಳೂರಿನ ಹೂಡಿಕೆದಾರರೊಬ್ಬರ ಪರಿಚಯವಿತ್ತು. ಫೋನ್ ಮಾಡಿದೆ. ಮೂರನೆಯ ದಿನವೇ ಅವರು ಯುವಕನನ್ನು ಕರೆಸಿಕೊಂಡರು. ನನಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಮುಜುಗರ. ಐದು ತಿಂಗಳಲ್ಲಿ ಅವನ ಉಪಕರಣ ತೆರೆಯಲಾರದ ಬಾಗಿಲನ್ನು ನನ್ನ ಐದು ನಿಮಿಷದ ಮಾತು ತೆರೆಯಿತು. ಉಪಕರಣ ಅದೇ, ಹುಡುಗ ಅವನೇ, ಲೆಕ್ಕಪತ್ರವೂ ಅದೇ. ಬದಲಾದದ್ದು ಅವನ ಪರವಾಗಿ ಮಾತನಾಡುವವನೊಬ್ಬ ಸಿಕ್ಕಿದ್ದು ಮಾತ್ರ. ಹಾಗೆ ಮಾತನಾಡುವವರು ಸಿಗದ ಊರುಗಳ ಪಾಡೇನು ಎಂಬುದೇ ಈ ಲೇಖನದ ಪ್ರಶ್ನೆ.

ಹಣವಿಲ್ಲ ಎಂಬ ದೂರನ್ನು ಈಗ ಹಿಂದಿನಂತೆ ಹೇಳಲಾಗದು. 2015ರಲ್ಲಿಯೇ ನವೋದ್ಯಮ ನೀತಿ ಪ್ರಕಟಿಸಿದ ಕರ್ನಾಟಕ 2017ರಲ್ಲಿ ‘ಎಲಿವೇಟ್’ ಯೋಜನೆಯಡಿ, ಪಾಲು ಕೇಳದೆ, 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡಲು ಆರಂಭಿಸಿತು. ಕೇಂದ್ರ ಸರ್ಕಾರ 2016ರಲ್ಲಿ ಸಿಡ್ಬಿಯ ಮೂಲಕ 10 ಸಾವಿರ ಕೋಟಿ ರೂಪಾಯಿಯ ನಿಧಿ ಸ್ಥಾಪಿಸಿತು. 2021ರಲ್ಲಿ 945 ಕೋಟಿ ರೂಪಾಯಿಯ ಬೀಜಧನ ಯೋಜನೆ ಬಂತು. 2012ರ ಬಜೆಟ್ಟಿನಲ್ಲಿ ಬಂದು ಬಹುಕಾಲ ಕಾಡಿದ ‘ಏಂಜೆಲ್ ತೆರಿಗೆ’ಯನ್ನು 2024ರಲ್ಲಿ ಕೈಬಿಡಲಾಯಿತು. ಉದ್ಯಮಿಯನ್ನೂ ಹೂಡಿಕೆದಾರನನ್ನೂ ಮುಖಾಮುಖಿ ಮಾಡಿಸಲೆಂದೇ 2023ರಲ್ಲಿ ‘ಇನ್ವೆಸ್ಟರ್ ಕನೆಕ್ಟ್’, 2024ರಲ್ಲಿ ‘ಭಾಸ್ಕರ್’ ಎಂಬ ಜಾಲತಾಣಗಳು ತೆರೆದವು. 2025ರ ನವೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಹೊಸ ನೀತಿಯ ಗುರಿ 25 ಸಾವಿರ ನವೋದ್ಯಮಗಳು. ಅವುಗಳಲ್ಲಿ 10 ಸಾವಿರ ಬೆಂಗಳೂರಿನ ಹೊರಗೆ ಹುಟ್ಟಬೇಕಂತೆ. ಗುರಿ ಸ್ವಾಗತಾರ್ಹವೇ. ಆದರೆ ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಮಾರ್ಕೋನಹಳ್ಳಿಗೇ ತಲುಪದ ಹಣ ಬೀದರಿಗೂ ಚಾಮರಾಜನಗರಕ್ಕೂ ತಲುಪುವುದು ಹೇಗೆ?

ಇದು ನಮ್ಮೊಬ್ಬರ ಕಷ್ಟವಲ್ಲ. ಆಫ್ರಿಕ ಖಂಡದ ಅನುಭವ ಇಲ್ಲಿ ಪಾಠವಾಗಬಲ್ಲದು. ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಮೊಬೈಲ್ ಮೂಲಕ ಹಣ ಕಳುಹಿಸುವುದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಅದೇ ಕಾಲಕ್ಕೆ, ಅಲ್ಲಿನ ಉದ್ಯಮಿಗಳನ್ನು ಹೊರಗಿನ ಬಂಡವಾಳಕ್ಕೆ ಪರಿಚಯಿಸಲು ‘ವೆಂಚರ್ ಕ್ಯಾಪಿಟಲ್ ಫಾರ್ ಆಫ್ರಿಕ’ದಂತಹ ವೇದಿಕೆಗಳು ಹುಟ್ಟಿದವು. ನೈಜೀರಿಯಾ 2022ರಲ್ಲಿ ನವೋದ್ಯಮಗಳಿಗೆಂದೇ ಕಾಯಿದೆ ಮಾಡಿ, ಅದರಲ್ಲಿ ನೋಂದಣಿ ಜಾಲತಾಣಕ್ಕೂ ಬೀಜಧನಕ್ಕೂ ಅವಕಾಶ ಕಲ್ಪಿಸಿತು. ಇಷ್ಟಾದರೂ 54 ದೇಶಗಳ ಆ ಖಂಡಕ್ಕೆ ಈಚಿನ ವರ್ಷಗಳಲ್ಲಿ ಬಂದ ಸಾಹಸ ಬಂಡವಾಳದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಹೋದದ್ದು ನೈಜೀರಿಯಾ, ಕೀನ್ಯಾ, ಈಜಿಪ್ಟ್, ದಕ್ಷಿಣ ಆಫ್ರಿಕ ಎಂಬ ನಾಲ್ಕೇ ದೇಶಗಳಿಗೆ. ಆ ನಾಲ್ಕರೊಳಗೂ ಲಾಗೋಸ್, ನೈರೋಬಿ, ಕೈರೊ, ಕೇಪ್‌ಟೌನ್‌ಗಳಂತಹ ಮಹಾನಗರಗಳದೇ ಮೇಲುಗೈ. ಕೀನ್ಯಾದಲ್ಲಂತೂ, ಸ್ಥಳೀಯರಿಗಿಂತ ಅಮೆರಿಕ, ಯೂರೋಪುಗಳಿಂದ ಬಂದು ಕಂಪನಿ ಕಟ್ಟಿದವರಿಗೇ ಹಣ ಸುಲಭವಾಗಿ ಸಿಗುತ್ತದೆ ಎಂಬ ಟೀಕೆ ವರ್ಷಗಳಿಂದ ಕೇಳಿಬರುತ್ತಿದೆ. ಜಾಲತಾಣ ಎಲ್ಲರಿಗೂ ಒಂದೇ ಬಾಗಿಲು ತೆರೆದಿಟ್ಟಿತು. ಹೂಡಿಕೆದಾರ ಮಾತ್ರ ತನ್ನ ಭಾಷೆ, ತನ್ನ ವಿಶ್ವವಿದ್ಯಾಲಯ, ತನ್ನ ವಲಯದವರನ್ನೇ ಒಳಗೆ ಕರೆದ.

ಹೂಡಿಕೆದಾರನನ್ನು ಬೈದು ಫಲವಿಲ್ಲ. ಆಸ್ತಿ ಅಡಮಾನವಿಲ್ಲದೆ, ಹಿಂದಿನ ಲಾಭನಷ್ಟದ ಲೆಕ್ಕವಿಲ್ಲದೆ ಹಣ ಕೊಡುವವನಿಗೆ ಉಳಿಯುವ ಆಧಾರ ನಂಬಿಕೆಯೊಂದೇ. ನಂಬಿಕೆ ಹುಟ್ಟುವುದು ಪರಿಚಯದಿಂದ. ಬಯೋಕಾನ್ 1978ರಲ್ಲಿ ಆರಂಭವಾದಾಗ ಕಿರಣ್ ಮಜುಂದಾರ್ ಅವರಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಇಪ್ಪತ್ತೈದರ ಹೆಣ್ಣುಮಗಳು, ಯಾರೂ ಕೇಳರಿಯದ ಉದ್ಯಮ. ಕೊನೆಗೆ ನೆರವಾದದ್ದು ಸಮಾರಂಭವೊಂದರಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರು ಎಂಬುದು ಎಲ್ಲರೂ ಬಲ್ಲ ಕಥೆ. 1981ರಲ್ಲಿ ಇನ್ಫೋಸಿಸ್‌ಗೆ ಮೊದಲ ಹತ್ತು ಸಾವಿರ ರೂಪಾಯಿ ಬಂದದ್ದು ಸುಧಾ ಮೂರ್ತಿಯವರ ಉಳಿತಾಯದಿಂದ. ಇವನ್ನು ನಾವು ಸಾಹಸದ ಕಥೆಗಳೆಂದು ಮೆಚ್ಚಿ ಹೇಳುತ್ತೇವೆ. ಆ ಸಮಾರಂಭಕ್ಕೆ ಆಹ್ವಾನವಿಲ್ಲದವರ, ಮನೆಯಲ್ಲಿ ಉಳಿತಾಯವಿಲ್ಲದವರ ಕಥೆಗಳು ಎಲ್ಲಿಯೂ ದಾಖಲಾಗುವುದಿಲ್ಲ.

ಪರಿಚಯದ ಈ ಕೊರತೆಯನ್ನು ಸಂಸ್ಥೆಗಳ ಮೂಲಕ ತುಂಬುವ ಯತ್ನ ನಮ್ಮ ನಾಡಿಗೆ ಹೊಸತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದವು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ ಬಂತು. ಸಾಹಸ ಬಂಡವಾಳ ಎಂಬ ಮಾತೇ ದೇಶಕ್ಕೆ ಹೊಸದಾಗಿದ್ದ 1988ರಲ್ಲಿ ಐಸಿಐಸಿಐ ಮತ್ತು ಯುಟಿಐ ಸೇರಿ ಟಿಡಿಐಸಿಐ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದವು. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರೊಂದಿಗೆ ಕರಗಿದ್ದು ಒಂದು ಹೆಸರಷ್ಟೇ ಅಲ್ಲ. ಊರಿನ ಯಾರು ಮಾತಿಗೆ ತಪ್ಪದವರು, ಯಾವ ವ್ಯಾಪಾರ ಬರಿಯ ತೋರಿಕೆಯದು ಎಂಬುದನ್ನು ಕಡತ ತೆರೆಯದೆ ಹೇಳಬಲ್ಲ ಶಾಖಾ ವ್ಯವಸ್ಥಾಪಕನೆಂಬ ವ್ಯಕ್ತಿಯೂ ಒಟ್ಟಾರೆ ಬ್ಯಾಂಕಿಂಗ್‌ನಿಂದ ಮರೆಯಾಗುತ್ತಿದ್ದಾನೆ. ಸಾಲದ ಅರ್ಜಿಗಳು ಈಗ ದೂರದ ಸಂಸ್ಕರಣಾ ಕೇಂದ್ರಗಳಿಗೆ ಹೋಗುತ್ತವೆ. ಅಲ್ಲಿ ಕುಳಿತವರಿಗೆ ಕಾಣುವುದು ಅಂಕಿ ಮಾತ್ರ.

ಮಾರ್ಕೋನಹಳ್ಳಿಯ ಅಣೆಕಟ್ಟನ್ನು ನೋಡಿದವರಿಗೆ ಇದರ ಅರ್ಥ ಬೇಗ ಆದೀತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಜಲಾಶಯದ ಹೆಸರುವಾಸಿ ಅಂಶ ಅದರ ಸ್ವಯಂಚಾಲಿತ ಸೈಫನ್. ನೀರು ಪೂರ್ಣಮಟ್ಟ ಮೀರಿದೊಡನೆ, ಯಾರೂ ಗೇಟು ಎತ್ತದೆ, ಹೆಚ್ಚುವರಿ ನೀರು ತಾನಾಗಿ ಹೊರಹರಿಯುತ್ತದೆ. ಆದರೆ ಸೈಫನ್ ಮಾಡುವುದು ಅಷ್ಟನ್ನೇ. ಸುಮಾರು 15 ಸಾವಿರ ಎಕರೆ ಅಚ್ಚುಕಟ್ಟಿಗೆ ನೀರು ಹಂಚುವುದು ಅದರಿಂದಾಗದು. ಅದಕ್ಕೆ ನಾಲೆ ಬೇಕು, ತೂಬು ಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನಿರ್ಧರಿಸುವ ಮನುಷ್ಯ ಬೇಕು. ಹಳೆ ಮೈಸೂರಿನ ಕೆರೆಗಳಲ್ಲಿ ಈ ಕೆಲಸ ಮಾಡುತ್ತಿದ್ದವನೇ ನೀರುಗಂಟಿ. ನಾಲೆಯ ಕೊನೆಯ ಗದ್ದೆಗೂ ನೀರು ಹೋಯಿತೇ ಎಂದು ನಡೆದು ನೋಡುವುದು ಅವನ ಕರ್ತವ್ಯ. ಅದು ವಂಶಪಾರಂಪರ್ಯದ, ಜಾತಿಗೆ ಕಟ್ಟುಬಿದ್ದ ಕೆಲಸವಾಗಿತ್ತು. ಆ ಕಟ್ಟು ನಮಗೆ ಬೇಡ. ಆದರೆ ಆ ಹೊಣೆ ಬೇಕು. ನಾವು ಬಂಡವಾಳಕ್ಕೆ ಜಲಾಶಯ ಕಟ್ಟಿದ್ದೇವೆ, ಜಾಲತಾಣವೆಂಬ ಸೈಫನ್ ಇಟ್ಟಿದ್ದೇವೆ. ನೀರುಗಂಟಿಯನ್ನು ಮಾತ್ರ ನೇಮಿಸಿಲ್ಲ.

ಅಂತಹ ವ್ಯಕ್ತಿ ಮಾಡಬೇಕಾದ ಮೊದಲ ಕೆಲಸ ಹಣ ಕೊಡಿಸುವುದಲ್ಲ, ಯಾವ ಹಣ ಎಂದು ಹೇಳುವುದು. ಸಾಹಸ ಬಂಡವಾಳದ ನಿಧಿಗಳು ಸಾಮಾನ್ಯವಾಗಿ ಹತ್ತು ವರ್ಷದ ಅವಧಿಯವು. ಹೂಡಿದ ಹತ್ತರಲ್ಲಿ ಹೆಚ್ಚಿನವು ಮುಳುಗುತ್ತವೆಂದು ಎಣಿಸಿಯೇ, ಉಳಿದ ಒಂದೆರಡು ಹತ್ತಾರು ಪಟ್ಟು ಬೆಳೆಯಬೇಕೆಂದು ಅವು ಬಯಸುತ್ತವೆ. ವರ್ಷಕ್ಕೆ ಶೇ 15ರಂತೆ ಬೆಳೆದು, ಇಪ್ಪತ್ತು ಜನಕ್ಕೆ ಕೆಲಸ ಕೊಡುವ ಕೊಬ್ಬರಿ ಘಟಕ ತಿಪಟೂರಿಗೆ ಭಾಗ್ಯ. ಆದರೆ ಸಾಹಸ ಬಂಡವಾಳಕ್ಕೆ ಅದು ಬೇಡದ ಸರಕು. ಆ ಘಟಕಕ್ಕೆ ತಕ್ಕುದು ಆಹಾರ ಸಂಸ್ಕರಣೆಯ ಸಹಾಯಧನ, 2024ರಲ್ಲಿ 20 ಲಕ್ಷಕ್ಕೆ ಮಿತಿ ಏರಿದ ಮುದ್ರಾ ಸಾಲ, ಇಲ್ಲವೇ ಅಡಮಾನವಿಲ್ಲದ ಸಾಲಕ್ಕೆ ಖಾತರಿ ನೀಡುವ ಯೋಜನೆ. ಇದನ್ನು ಮೊದಲ ದಿನವೇ ಹೇಳುವವರಿಲ್ಲದೆ ಎಷ್ಟೋ ಯುವಕರು ಇಂಗ್ಲಿಷಿನ ಹನ್ನೆರಡು ಪುಟಗಳ ಪ್ರದರ್ಶಿಕೆ ತಯಾರಿಸುವುದರಲ್ಲಿ, ತಮ್ಮದಲ್ಲದ ಬಾಗಿಲು ತಟ್ಟುವುದರಲ್ಲಿ ವರ್ಷ ಕಳೆಯುತ್ತಾರೆ. ನಂತರ ತಾವೇ ಅಯೋಗ್ಯರೆಂದು ಭಾವಿಸಿ ಮತ್ತೆ ನಗರದ ನೌಕರಿಗೆ ಮರಳುತ್ತಾರೆ.

ನನ್ನ ಸಲಹೆಗಳು ಸರಳ. ಒಂದು, ಪ್ರತಿ ಜಿಲ್ಲೆಯಲ್ಲಿ ಐದಾರು ಮಂದಿಯ ಮಧ್ಯವರ್ತಿ ತಂಡವಿರಲಿ: ನಿವೃತ್ತ ಬ್ಯಾಂಕ್ ಅಧಿಕಾರಿ, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ಉದ್ಯಮ ಕಟ್ಟಿ ಗೆದ್ದವರು, ಸೋತವರು. ಅವರು ಸ್ಥಳಕ್ಕೆ ಹೋಗಿ, ಉಪಕರಣ ನೋಡಿ, ಬಳಸಿದ ರೈತನನ್ನು ಮಾತನಾಡಿಸಿ, ಎರಡು ಪುಟದ ಅಭಿಪ್ರಾಯಕ್ಕೆ ಹೆಸರು ಹಾಕಿ ಸಹಿ ಮಾಡಬೇಕು. ದೂರದ ಹೂಡಿಕೆದಾರನಿಗೆ ಬೇಕಿರುವುದು ಇಂತಹ ಹೊಣೆ ಹೊತ್ತ ಸಹಿ. ಎರಡು, ಅರ್ಜಿ ಕನ್ನಡದಲ್ಲಿಯೂ ಇರಲಿ. ಮೂರು, ಸರ್ಕಾರಿ ಜಾಲತಾಣಗಳು ಯಾವ ತಾಲ್ಲೂಕಿನಿಂದ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಎಷ್ಟು ದಿನದಲ್ಲಿ ಉತ್ತರ ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ; ನಿರಾಕರಿಸಿದರೆ ಕಾರಣ ತಿಳಿಸಲಿ. ನಾಲ್ಕು, ಮೊದಲ ಹೂಡಿಕೆಗಿಂತ ಮೊದಲ ಖರೀದಿ ದೊಡ್ಡದು. ಸರ್ಕಾರಿ ಖರೀದಿಯಲ್ಲಿ ನವೋದ್ಯಮಗಳಿಗೆ ಪೂರ್ವಾನುಭವ, ವಹಿವಾಟಿನ ಷರತ್ತುಗಳಿಂದ ರಿಯಾಯಿತಿ ಕೊಡಲು ಕೇಂದ್ರದ ನಿಯಮಗಳಲ್ಲಿಯೇ ಅವಕಾಶವಿದೆ. ತೋಟಗಾರಿಕೆ ಇಲಾಖೆ ಐವತ್ತು ಉಪಕರಣ ಕೊಂಡು ಪರೀಕ್ಷಿಸಿದರೆ, ಆ ಆದೇಶಪತ್ರವೇ ಯುವಕನಿಗೆ ಸಾಲವನ್ನೂ ಹೂಡಿಕೆಯನ್ನೂ ತರಬಲ್ಲದು.

ಮಧ್ಯವರ್ತಿ ಎಂದೊಡನೆ ದಲ್ಲಾಳಿಯ ನೆನಪಾಗುವುದು ಸಹಜ. ಶಿಫಾರಸು ಮಾರಾಟದ ಸರಕಾದೀತು, ತಮ್ಮವರಿಗೇ ಸಹಿ ಬಿದ್ದೀತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದುದರಿಂದಲೇ ಉದ್ಯಮಿಯಿಂದ ಚಿಕ್ಕಾಸನ್ನೂ ಪಡೆಯಬಾರದೆಂಬ ನಿಯಮ, ಅವಧಿಯ ಮಿತಿ, ಯಾರ ಸಹಿಯ ಉದ್ಯಮ ಏನಾಯಿತೆಂಬ ಬಹಿರಂಗ ದಾಖಲೆ ಅಗತ್ಯ. ಇಂದು ಶಿಫಾರಸು ಇಲ್ಲವೆಂದಲ್ಲ. ಅದು ಫೋನಿನಲ್ಲಿ, ಕ್ಲಬ್ಬುಗಳಲ್ಲಿ, ಹಳೆಯ ಸಹಪಾಠಿಗಳ ನಡುವೆ ದಾಖಲೆಯಿಲ್ಲದೆ ನಡೆಯುತ್ತಿದೆ. ನಾನು ಮಾಡಿದ ಕರೆಯೂ ಅಂಥದೇ. ಅದನ್ನು ಬೆಳಕಿಗೆ ತಂದು, ಲೆಕ್ಕಕ್ಕೆ ಒಳಪಡಿಸಿ, ಪರಿಚಯವಿಲ್ಲದವರಿಗೂ ದೊರಕಿಸಬೇಕೆಂಬುದಷ್ಟೇ ವಾದ.

ತುಮಕೂರು ಜಿಲ್ಲೆಗೆ ದೊಡ್ಡ ಬಂಡವಾಳ ಬಂದಿಲ್ಲವೆಂದಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಆದರೆ ಹೊರಗಿನಿಂದ ಬಂದ ಕಾರ್ಖಾನೆ ಊರಿಗೆ ಕೆಲಸ ಕೊಡುತ್ತದೆ; ಊರಿನವನು ಕಟ್ಟಿದ ಉದ್ಯಮ ಕೆಲಸದ ಜೊತೆಗೆ ಧೈರ್ಯವನ್ನೂ ಕೊಡುತ್ತದೆ. ಇದೇ ಜಿಲ್ಲೆಯ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಆ ಯುವಕನಿಗೆ ಕೊನೆಗೆ ಸಿಕ್ಕಿದ್ದು ಕೇಳಿದ್ದರ ಅರ್ಧ. ಕೆಲಸ ನಡೆದಿದೆ, ಗೆಲ್ಲುತ್ತಾನೋ ಇಲ್ಲವೋ ಹೇಳಲಾರೆ. ಕಳೆದ ತಿಂಗಳು ಅವನು ಮತ್ತೆ ಫೋನ್ ಮಾಡಿದ. ಪಕ್ಕದ ಊರಿನ ಹೆಣ್ಣುಮಗಳೊಬ್ಬಳು ತೆಂಗಿನ ನಾರಿನಿಂದ ಸಸಿ ಬೆಳೆಸುವ ಕುಂಡ ತಯಾರಿಸುತ್ತಿದ್ದಾಳೆ, ನಿಮಗೆ ಯಾರಾದರೂ ಗೊತ್ತೇ ಎಂದು ಕೇಳಿದ. ಆ ಕ್ಷೇತ್ರದಲ್ಲಿ ನನಗೆ ಯಾರೂ ಗೊತ್ತಿಲ್ಲ. ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಹೇಳು ಎಂದಷ್ಟೇ ಹೇಳಬೇಕಾಯಿತು.