ಸೀಸದ ಕಾಡಿಗೆಗೊಂದು ಸರ್ಟಿಫಿಕೇಟು

ಹಿಂದಿನವರು ಮಾಡಿದ್ದೆಲ್ಲ ಸರಿ, ಅದರ ಕಾರಣ ವಿಜ್ಞಾನಿಗಳಿಗೆ ಈಗ ಗೊತ್ತಾಗುತ್ತಿದೆ ಅಷ್ಟೆ – ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಉಪ್ಪಿನಕಾಯಿಯಿಂದ ಹಿಡಿದು ಪಿರಮಿಡ್ಡಿನವರೆಗೆ ಯಾವ ವಿಷಯ ಬಂದರೂ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಇದನ್ನು ಹೇಳದೆ ಬಿಡುವುದಿಲ್ಲ. ಬಹಳ ಸಲ ಇದರಿಂದ ಯಾರಿಗೂ ನಷ್ಟವಿಲ್ಲ, ಹೇಳಿಕೊಳ್ಳಲಿ. ಆದರೆ ಈಜಿಪ್ಟಿನ ಕಾಡಿಗೆಯ ವಿಷಯದಲ್ಲಿ ಈ ಮಾತು ಎಳೆಯ ಕೂಸುಗಳ ಮೈಗೆ ವಿಷ ಸೇರಿಸಬಲ್ಲದು. ಅಲ್ಲಿ ಸುಮ್ಮನಿರುವುದು ನನ್ನಿಂದಾಗದು.

ಮೊದಲು ನಡೆದದ್ದೇನು ನೋಡೋಣ. ಪ್ರಾಚೀನ ಈಜಿಪ್ಟಿನವರ ಕಾಡಿಗೆ ಭರಣಿಗಳು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಕಲ್ಲಿನವು, ಮರದವು, ಜೊಂಡಿನ ಕೊಳವೆಗಳು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದರೂ ಕೆಲವುಗಳಲ್ಲಿ ಪುಡಿ ಹಾಗೆಯೇ ಉಳಿದಿತ್ತು. ರಸಾಯನಶಾಸ್ತ್ರಜ್ಞ ಫಿಲಿಪ್ ವಾಲ್ಟರ್ ಮತ್ತು ಅವರ ಸಂಗಡಿಗರು ಆ ಪುಡಿಯನ್ನು ಎಕ್ಸ್-ರೇ ಕಿರಣಗಳಿಂದ ಪರೀಕ್ಷಿಸಿ, 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೊಂದು ಬಗೆಯ ಹರಳೂ ಕಿರಣಗಳನ್ನು ತನ್ನದೇ ರೀತಿಯಲ್ಲಿ ಚದುರಿಸುತ್ತದೆ. ಅದರಿಂದ ಪುಡಿಯಲ್ಲಿರುವುದು ಇಂಥದೇ ಖನಿಜ ಎಂದು ಗುರುತಿಸಬಹುದು. ಕಪ್ಪು ಬಣ್ಣ ಕೊಟ್ಟದ್ದು ಗೆಲೀನಾ, ಅಂದರೆ ಸೀಸದ ಅದಿರು. ಅದರೊಡನೆ ಬೆರೆಸಿದ್ದ ಬಿಳಿಯ ಪುಡಿಗಳೂ ಸೀಸದವೇ. ಅವುಗಳಲ್ಲಿ ಲಾರಿಯೊನೈಟ್ ಮತ್ತು ಫಾಸ್ಜಿನೈಟ್ ಎಂಬ ಎರಡು ನಿಸರ್ಗದಲ್ಲಿ ಬಲು ಅಪರೂಪ. ಅಂಥವು ಭರಣಿಗಳಲ್ಲಿ ಸಿಕ್ಕಿವೆಯೆಂದರೆ ಯಾರೋ ಅವನ್ನು ಕೈಯಾರೆ ತಯಾರಿಸಿದ್ದಾರೆ ಎಂದೇ ಅರ್ಥ.

ಹೇಗೆ ತಯಾರಿಸಿದ್ದರು? ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿ ಮತ್ತು ಡಯಾಸ್ಕೊರಿಡೀಸ್ ಬರೆದಿಟ್ಟ ವಿಧಾನದಲ್ಲಿ ಇದರ ಸುಳಿವು ಸಿಕ್ಕಿತು. ಸೀಸದ ಆಕ್ಸೈಡನ್ನು ಅರೆದು, ಉಪ್ಪು ಬೆರೆಸಿ, ನೀರಿನಲ್ಲಿ ಕದಡಿಡಬೇಕು. ಮೇಲಿನ ನೀರು ಬಸಿದು, ಮತ್ತೆ ಹೊಸ ನೀರು, ಹೊಸ ಉಪ್ಪು ಹಾಕಬೇಕು. ಹೀಗೆ ವಾರಗಟ್ಟಲೆ. ಕ್ರಿಯೆ ನಡೆದಂತೆ ನೀರು ಕ್ಷಾರವಾಗುತ್ತದೆ. ಅದನ್ನು ಆಗಾಗ ಚೆಲ್ಲದಿದ್ದರೆ ಬೇಕಾದ ಪುಡಿ ಕೈಗೆ ಬಾರದು. ಪ್ರಯೋಗಾಲಯದಲ್ಲಿ ಹಾಗೆಯೇ ಮಾಡಿ ನೋಡಿದರು, ಅದೇ ಬಿಳಿಯ ಪುಡಿ ಬಂತು. ಲಿಟ್ಮಸ್ ಕಾಗದದ ಹೆಸರೂ ಇಲ್ಲದ ಕಾಲದಲ್ಲಿ ಇಷ್ಟು ತಾಳ್ಮೆಯಿಂದ ಈ ಕೆಲಸ ಮಾಡಿದವರಿಗೆ ನಾನು ತಲೆಬಾಗುತ್ತೇನೆ. ಇಲ್ಲಿಯವರೆಗೆ ಯಾರೊಡನೆಯೂ ನನ್ನ ಜಗಳವಿಲ್ಲ.

ಜಗಳ ಶುರುವಾಗುವುದು 2010ರಿಂದ ಈಚೆಗೆ. ಆ ವರ್ಷ ಪ್ಯಾರಿಸ್ಸಿನ ವಿಜ್ಞಾನಿಗಳು ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಮನುಷ್ಯರ ಚರ್ಮದ ಜೀವಕೋಶಗಳಿಗೆ ಅತ್ಯಲ್ಪ ಪ್ರಮಾಣದ ಸೀಸ ಸೋಕಿಸಿದಾಗ ಅವು ಹೊರಬಿಡುವ ನೈಟ್ರಿಕ್ ಆಕ್ಸೈಡ್ ಶೇಕಡಾ 240ರವರೆಗೂ ಹೆಚ್ಚಿತು. ಈ ವಸ್ತು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತದೆ. ಹಾಗಾಗಿ ಆ ಕಾಡಿಗೆ ಕಣ್ಣಿನ ಸೋಂಕನ್ನು ತಡೆದಿರಬಹುದು ಎಂದು ಅವರು ತರ್ಕಿಸಿದರು. ಪ್ರಬಂಧದ ಶೀರ್ಷಿಕೆಯಲ್ಲಿ ‘ಈಜಿಪ್ಟಿನ ದೇವರುಗಳ ಗುಟ್ಟು’ ಎಂದೂ ಸೇರಿಸಿದರು. ಅಷ್ಟು ಸಾಕಾಯಿತು. ಸೀಸದ ಕಾಡಿಗೆಗೆ ಸರ್ಟಿಫಿಕೇಟು ಸಿಕ್ಕಿತೆಂದು ಕುಣಿಯುವವರು ಹುಟ್ಟಿಕೊಂಡರು.

ಗಾಜಿನ ತಟ್ಟೆಯಲ್ಲಿರುವ ಜೀವಕೋಶ ಮನುಷ್ಯನ ಕಣ್ಣಲ್ಲ. ಆ ಪ್ರಯೋಗದಲ್ಲಿ ಯಾರ ಕಣ್ಣುಬೇನೆಯೂ ವಾಸಿಯಾಗಲಿಲ್ಲ, ವಾಸಿಮಾಡಲು ಹೊರಟಿರಲೂ ಇಲ್ಲ. ಕಳ್ಳ ನುಗ್ಗಿದರೆ ನಾಯಿ ಬೊಗಳುತ್ತದೆ. ನಾಯಿಯನ್ನು ಎಚ್ಚರಿಸಿದನೆಂದು ಕಳ್ಳನಿಗೆ ಶಾಲು ಹೊದಿಸುತ್ತೇವೆಯೇ? ಈಜಿಪ್ಟಿನವರು ಔಷಧಿಯೆಂದೇ ಹಚ್ಚಿಕೊಂಡಿರಬಹುದು, ಒಪ್ಪೋಣ. ಔಷಧಿಯೆಂದು ನಂಬುವುದು ಬೇರೆ, ಔಷಧಿಯಾಗಿರುವುದು ಬೇರೆ. ಯುರೋಪಿನ ಸಿರಿವಂತ ಹೆಂಗಸರೂ ಶತಮಾನಗಳ ಕಾಲ ಸೀಸದ ಬಿಳುಪನ್ನು ಮುಖಕ್ಕೆ ಬಳಿದುಕೊಂಡರು. ಹೆಚ್ಚು ಕಾಲ ಬಳಸಿದ ಮಾತ್ರಕ್ಕೆ ವಿಷ ಅಮೃತವಾಗುವುದಿಲ್ಲ.

‘ನಮ್ಮಜ್ಜಿಯೂ ಹಚ್ಚುತ್ತಿದ್ದರಲ್ಲ ಮೇಡಂ, ನಮಗೇನಾಯಿತು?’ ಎನ್ನುವವರಿದ್ದಾರೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಅಜ್ಜಿ ಹಿಡಿದದ್ದು ಮಸಿ. ಅಂಗಡಿಯಲ್ಲಿ ಚಿಕ್ಕ ಬಾಟಲಿಯಲ್ಲಿ ಸಿಗುವ ಹೊಳೆಯುವ ಸುರ್ಮಾ ಎಷ್ಟೋ ಸಲ ಅದೇ ಗೆಲೀನಾ. ಎರಡೂ ಕಪ್ಪು ಎಂದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಕಣ್ಣಿಗೆ ಮದ್ದಿನ ಹನಿ ಹಾಕಿದರೆ ಗಂಟಲಲ್ಲಿ ಕಹಿ ತಿಳಿಯುವುದಿಲ್ಲವೇ? ಕಣ್ಣಿನಿಂದ ಮೂಗು-ಗಂಟಲಿಗೆ ದಾರಿಯಿದೆ. ಅದೂ ಸಾಲದೆಂಬಂತೆ ಕೂಸು ಕಣ್ಣು ಉಜ್ಜಿದ ಬೆರಳನ್ನು ಬಾಯಿಗಿಡುತ್ತದೆ. 2011ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆರು ತಿಂಗಳ ಮಗುವೊಂದರ ರಕ್ತದಲ್ಲಿ ಸೀಸ ಕಂಡುಬಂದಾಗ ಹುಡುಕಿ ನೋಡಿದರೆ, ಕಾರಣ ನೈಜೀರಿಯಾದಿಂದ ತಂದ ‘ತಿರೋ’ ಎಂಬ ಕಾಡಿಗೆ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚು ಸೀಸವೇ ಇತ್ತು. ಹಚ್ಚಿದವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹಚ್ಚಿದ್ದರು.

ಸೀಸದ ಮಟ್ಟಿಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬಣ್ಣಕ್ಕಾಗಿ ಪ್ರಸಾಧನಗಳಲ್ಲಿ ಸೀಸ ಬಳಸುವುದನ್ನು ನಮ್ಮ ಕಾನೂನೂ ನಿಷೇಧಿಸಿದೆ. ಸೀಸ ಗಾಯ ಮಾಡುವುದಿಲ್ಲ, ಜ್ವರ ತರುವುದಿಲ್ಲ. ಬೆಳೆಯುವ ಮಿದುಳನ್ನು ಸದ್ದಿಲ್ಲದೆ ತಿನ್ನುತ್ತದೆ. ಮಗು ಶಾಲೆಗೆ ಬಂದ ಮೇಲೆ ನಾವು ಅದನ್ನು ‘ದಡ್ಡ’ ಎಂದು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸುತ್ತೇವೆ. ‘ನಮಗೇನಾಯಿತು’ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಆದದ್ದು ಕಣ್ಣಿಗೆ ಕಾಣುವಂಥದ್ದಲ್ಲ.

ಪ್ರಾಚೀನರನ್ನು ಗೌರವಿಸಬೇಕೆಂದರೆ ಅವರ ತಾಳ್ಮೆಯನ್ನು, ಮಾಡಿ ನೋಡುವ ಗುಣವನ್ನು ಮಕ್ಕಳಿಗೆ ಪಾಠ ಮಾಡೋಣ. ಅವರ ಭರಣಿ ಲೂವ್ರ್‌ನಲ್ಲಿಯೇ ಇರಲಿ. ಒಳಗೇನಿದೆಯೆಂದು ಬರೆದಿರದ ಸುರ್ಮಾವನ್ನು ಮಾತ್ರ, ಯಾರು ಎಷ್ಟೇ ಹೊಗಳಿದರೂ, ದಯವಿಟ್ಟು ನಿಮ್ಮ ಕೂಸಿನ ಕಣ್ಣಿಗೆ ಹಚ್ಚಬೇಡಿ.