ಹೆಗಲು ಮುಟ್ಟಿ ನೋಡಿಕೊಳ್ಳೋಣ

ಜನವರಿ 7 ಬಂತೆಂದರೆ ಹೈದರಾಬಾದಿನ ನಮ್ಮ ಐಟಿ ಮಂದಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯಾರಾದರೊಬ್ಬರು ಸತ್ಯಂ ಕಂಪನಿಯ ಕತೆ ತೆಗೆಯುತ್ತಾರೆ. ನಾಲ್ಕು ಜನ ರಾಮಲಿಂಗರಾಜು ಅವರನ್ನು ಬೈಯುತ್ತಾರೆ. ಇಬ್ಬರು, "ಏನೇ ಅನ್ನಿ, 108 ಆಂಬುಲೆನ್ಸ್ ತಂದ ಪುಣ್ಯಾತ್ಮ" ಎನ್ನುತ್ತಾರೆ. ಒಬ್ಬರು ಆಡಿಟರ್‌ಗಳಿಗೆ ಶಾಪ ಹಾಕುತ್ತಾರೆ. ಕೊನೆಗೆ ಯಾರೋ ಗುಡ್ ಮಾರ್ನಿಂಗ್ ಚಿತ್ರ ಹಾಕುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನನ್ನ ತಕರಾರು ಇರುವುದು ಈ ಬೈಗುಳದ ಬಗ್ಗೆಯೇ. ಬೈಯುವವರಲ್ಲಿ ಹೆಚ್ಚಿನವರು ನನ್ನಂತೆ ಮ್ಯಾನೇಜರ್‌ಗಳು. ಕುಂಬಳಕಾಯಿ ಕಳ್ಳ ಯಾರು ಎಂದು ಕೂಗಿದಾಗ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರ ಸಾಲಿನಲ್ಲಿ ನಾವೂ ಇದ್ದೇವೆ ಎಂಬುದು ನನ್ನ ವಾದ.

ಈಗಷ್ಟೇ ಕೆಲಸಕ್ಕೆ ಸೇರಿದ ಕಿರಿಯರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1987ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಸತ್ಯಂ ಕಂಪ್ಯೂಟರ್ ಸರ್ವಿಸಸ್, 2008ರ ಹೊತ್ತಿಗೆ ದೇಶದ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಒಂದಾಗಿತ್ತು. ಸುಮಾರು 50 ಸಾವಿರ ನೌಕರರಿದ್ದರು. 2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವ್ಯವಹಾರದಿಂದ 649 ಕೋಟಿ ಲಾಭ ಎಂದು ಘೋಷಿಸಿದ್ದರು, ನಿಜವಾಗಿ ಬಂದದ್ದು 61 ಕೋಟಿ. ಆ ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. 2015ರ ಏಪ್ರಿಲ್ 9ರಂದು ಇಲ್ಲಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಜನರಿಗೆ ಏಳು ವರ್ಷಗಳ ಜೈಲು ಶಿಕ್ಷೆ ವಿಧಿಸಿತು. ಮರು ತಿಂಗಳೇ ಮೇಲ್ಮನವಿಯಲ್ಲಿ ಜಾಮೀನು ಸಿಕ್ಕಿತು.

ಆ ಪತ್ರವನ್ನು ಓದಿದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಕೋಟಿಗಳ ಲೆಕ್ಕವಲ್ಲ, ಅದು ಶುರುವಾದ ಬಗೆ. ಮೊದಲಿಗೆ ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಅಂತರ ಚಿಕ್ಕದು, ವರ್ಷಗಳು ಕಳೆದಂತೆ ಅದು ಕೈಮೀರಿ ಬೆಳೆಯಿತು ಎಂದು ಅವರು ಬರೆದರು. ಹುಲಿಯ ಮೇಲೆ ಸವಾರಿ ಮಾಡಿದಂತಾಯಿತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂದರು. 2008ರ ಡಿಸೆಂಬರ್ 16ರಂದು ತಮ್ಮ ಕುಟುಂಬದ ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಸತ್ಯಂನಿಂದ ಕೊಳ್ಳಿಸಲು ಹೊರಟದ್ದು, ಇಲ್ಲದ ಹಣದ ಜಾಗದಲ್ಲಿ ಇರುವ ಆಸ್ತಿಯನ್ನು ತುಂಬಿಸುವ ಕೊನೆಯ ಪ್ರಯತ್ನ. ಹೂಡಿಕೆದಾರರು ಗಲಾಟೆ ಎಬ್ಬಿಸಿದ್ದರಿಂದ ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು.

ಅಂದರೆ ಐದು ಸಾವಿರ ಕೋಟಿ ವಂಚಿಸುತ್ತೇನೆಂದು ಯಾರೂ ಒಂದು ಬೆಳಗ್ಗೆ ಎದ್ದು ತೀರ್ಮಾನಿಸಲಿಲ್ಲ. "ಈ ಕ್ವಾರ್ಟರ್ ಸ್ವಲ್ಪ ಕಡಿಮೆ ಬಂದಿದೆ, ಮುಂದಿನದರಲ್ಲಿ ಸರಿದೂಗಿಸೋಣ" ಎಂಬಂಥ ಮಾತಿನಿಂದಲೇ ಇಂಥದ್ದು ಹುಟ್ಟುವುದು. ಆ ವಾಕ್ಯವನ್ನು ನಾವು ಎಷ್ಟು ಸಲ ಹೇಳಿಲ್ಲ? ಕೇಳಿಸಿಕೊಂಡು ಎಷ್ಟು ಸಲ ಸುಮ್ಮನಿದ್ದಿಲ್ಲ?

"ಮೇಲೆ ಒಳ್ಳೆಯವರು ಕೂತಿದ್ದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತಿದೆ. ಸತ್ಯಂ ಮಂಡಳಿಯಲ್ಲಿ ಹೊರಗಿನಿಂದ ಬಂದು ಕೂತವರನ್ನು ನೆನಪಿಸಿಕೊಳ್ಳಿ. ಹಾರ್ವರ್ಡ್‌ನ ಪ್ರಾಧ್ಯಾಪಕರು, ನಮ್ಮ ಗಚ್ಚಿಬೌಲಿಯ ಐಎಸ್‌ಬಿಯ ಡೀನ್, ಭಾರತ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ, ದೆಹಲಿ ಐಐಟಿಯ ಮಾಜಿ ನಿರ್ದೇಶಕರು, ಪೆಂಟಿಯಂ ಚಿಪ್‌ನಿಂದ ಹೆಸರಾದ ವಿನೋದ್ ಧಾಮ್. ಇದಕ್ಕಿಂತ ಹೆಚ್ಚಿನ ಪಾಂಡಿತ್ಯವನ್ನು ಒಂದೇ ಮೇಜಿನ ಸುತ್ತ ಎಲ್ಲಿಂದ ತರುವುದು? 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಪಾಂಡಿತ್ಯಕ್ಕೇನೂ ಕೊರತೆ ಇರಲಿಲ್ಲ. ಅವರ ಮೇಜಿನವರೆಗೆ ಕೆಟ್ಟ ಸುದ್ದಿ ನಡೆದುಕೊಂಡು ಬರಲು ದಾರಿ ಇರಲಿಲ್ಲ. ಕೊನೆಗೆ ಡಿಸೆಂಬರ್‌ನಲ್ಲಿ ನಿರ್ದೇಶಕರೊಬ್ಬರಿಗೆ ಎಚ್ಚರಿಕೆಯ ಇಮೇಲ್ ಬಂತು, ಅದೂ ಸುಳ್ಳು ಹೆಸರಿನಲ್ಲಿ. ಸುಳ್ಳು ಲೆಕ್ಕಕ್ಕೆ ಅಧ್ಯಕ್ಷರ ಸ್ವಂತ ಸಹಿ ಇತ್ತು, ನಿಜ ಹೇಳುವವನು ಮಾತ್ರ ಹೆಸರು ಮುಚ್ಚಿಕೊಳ್ಳಬೇಕಾಯಿತು. ಒಂದು ಸಂಸ್ಥೆಯ ಆರೋಗ್ಯ ತಿಳಿಯಲು ಇಷ್ಟು ಸಾಕು.

ನಮ್ಮ ಕಸುಬಿನವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ತನಿಖೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳು ಸಿಕ್ಕವು. ಅವು ಕಂಪನಿಯದೇ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿದ್ದವು, ಆದರೆ ಆಯಾ ವಿಭಾಗದವರು ತೆರೆದು ನೋಡಿದರೆ ಕಾಣುತ್ತಿರಲಿಲ್ಲ. ಹಾಗೆ ಮರೆಮಾಡುವ ಏರ್ಪಾಡು ಆ ಸಾಫ್ಟ್‌ವೇರಿನಲ್ಲೇ ಇತ್ತು. ಇಂಥ ಏರ್ಪಾಡು ತಾನಾಗಿ ಹುಟ್ಟುವುದಿಲ್ಲ. ಯಾರೋ ಬೇಕೆಂದು ಕೇಳುತ್ತಾರೆ, ಯಾರೋ ಕೋಡ್ ಬರೆಯುತ್ತಾರೆ, ಯಾರೋ ಟೆಸ್ಟ್ ಮಾಡಿ 'ಪಾಸ್' ಎಂದು ಗುರುತು ಹಾಕುತ್ತಾರೆ. ಉದ್ದೇಶವೇನೆಂದು ಅವರಿಗೆ ಗೊತ್ತಿರದೆಯೂ ಇರಬಹುದು. ಆದರೆ "ಇದು ಯಾಕೆ ಬೇಕು ಸರ್?" ಎಂದು ಕೇಳುವ ಅಭ್ಯಾಸವನ್ನು ನಾವು ನಮ್ಮ ಹುಡುಗರಲ್ಲಿ ಬೆಳೆಸಿದ್ದೇವೆಯೇ? ಹೇಳಿದ್ದನ್ನು ಹೇಳಿದ ದಿನಕ್ಕೆ ಮುಗಿಸಿಕೊಡುವವನೇ ನಮ್ಮಲ್ಲಿ ಜಾಣ.

ಇನ್ನು ನನ್ನ ಹೆಗಲಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಹೆಸರು ಹೇಳಲಾಗದ ಒಂದು ಕಂಪನಿಯಲ್ಲಿ, ವಿದೇಶದ ವಿಮಾ ಸಂಸ್ಥೆಯೊಂದರ ಹಳೆಯ ಪಾಲಿಸಿಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಪ್ರಾಜೆಕ್ಟ್ ನನ್ನದಾಗಿತ್ತು. ತಂಡದಲ್ಲಿ ನಮ್ಮ ಸಿಂಧನೂರು ಕಡೆಯ ಒಬ್ಬ ಹುಡುಗನಿದ್ದ. ಮೂರನೇ ವಾರಕ್ಕೇ ಒಂದು ಹಾಳೆ ತಂದು ನನ್ನ ಮುಂದಿಟ್ಟ. "ಸರ್, ಹಳೇ ಡೇಟಾಕ್ಕೂ ಹೊಸಾದಕ್ಕೂ ತಾಳೆ ಆಗವಲ್ದು. ಈ ತಾರೀಖಿಗೆ ಮುಗಿಯಂಗಿಲ್ರೀ" ಎಂದ. ಅವನ ಲೆಕ್ಕ ಸರಿಯಾಗಿತ್ತು. ನಾನು ಆ ವಾರದ ವರದಿಯಲ್ಲಿ ಹಳದಿ ಬಣ್ಣ ಹಾಕಿದೆ. ಅರ್ಧ ಗಂಟೆಯೊಳಗೆ ಮೇಲಿನಿಂದ ಫೋನ್ ಬಂತು. ಯಾರೂ ಬೆದರಿಸಲಿಲ್ಲ, ಸುಳ್ಳು ಬರೆಯಿರಿ ಎಂದು ಯಾರೂ ಹೇಳಲಿಲ್ಲ. "ಈ ವಾರ ಕ್ಲೈಂಟ್ ಜೊತೆ ರಿನ್ಯೂವಲ್ ಮಾತುಕತೆ ಇದೆ, ಸ್ವಲ್ಪ ನೋಡಿಕೊಳ್ಳಿ" ಅಂದರು, ಅಷ್ಟೇ. ನಾನು ನೋಡಿಕೊಂಡೆ. ಹಳದಿ ಹಸಿರಾಯಿತು.

ಹೊರಗೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು. ನಮ್ಮ ಕಸುಬಿನಲ್ಲಿ ಇದಕ್ಕೆ ಕಲ್ಲಂಗಡಿ ಪ್ರಾಜೆಕ್ಟ್ ಎಂದೇ ಹೆಸರು. ನನ್ನ ಕಲ್ಲಂಗಡಿ ಏಳು ತಿಂಗಳು ಹಸಿರಾಗಿಯೇ ಇತ್ತು. ಕ್ಲೈಂಟ್ ತಾನೇ ಪರೀಕ್ಷೆಗೆ ಕೂತಾಗ ಒಡೆಯಿತು. ಪ್ರಾಜೆಕ್ಟ್ ಕೈಬಿಟ್ಟಿತು, ಹನ್ನೊಂದು ಜನ ಬೆಂಚಿಗೆ ಬಂದರು. ಯಾರನ್ನಾದರೂ ಕೆಳಗಿನ ರೇಟಿಂಗಿಗೆ ಹಾಕಬೇಕಿತ್ತು. ಮೊದಲಿನಿಂದಲೂ ಆಗುವುದಿಲ್ಲ, ಆಗುವುದಿಲ್ಲ ಎನ್ನುತ್ತಿದ್ದ ಹುಡುಗನ ಹೆಸರೇ ಎಲ್ಲರ ಬಾಯಲ್ಲಿತ್ತು. 'ನಕಾರಾತ್ಮಕ ಧೋರಣೆ' ಎಂದು ಫಾರಂನಲ್ಲಿ ಬರೆದವನು ನಾನು, ಸಹಿಯೂ ನನ್ನದೇ. ಮೂರು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ನನಗೆ ಆ ವರ್ಷ ಬೋನಸ್ ಬಂತು.

"ಒಂದು ಬಣ್ಣ ಬದಲಿಸಿದ್ದಕ್ಕೂ ಐದು ಸಾವಿರ ಕೋಟಿಯ ವಂಚನೆಗೂ ಹೋಲಿಕೆಯೇ?" ಎಂದು ಕೇಳುವವರಿದ್ದಾರೆ. ಕಾನೂನಿನ ಕಣ್ಣಲ್ಲಿ ಹೋಲಿಕೆಯಿಲ್ಲ, ಒಪ್ಪುತ್ತೇನೆ. ನಾನು ಜೈಲಿಗೆ ಹೋಗುವ ಕೆಲಸ ಮಾಡಲಿಲ್ಲ. ಆದರೆ ಎರಡೂ ನಡೆದ ದಾರಿ ಒಂದೇ: ಅಂತರ ಚಿಕ್ಕದಿದ್ದಾಗ ಮುಚ್ಚು, ಮುಂದಿನ ಸಲ ತುಂಬೋಣ ಎಂದುಕೋ, ತುಂಬದಿದ್ದಾಗ ಇನ್ನಷ್ಟು ಮುಚ್ಚು. ಮುಖ್ಯ ಕಚೇರಿಯ ದೊಡ್ಡ ನಿರ್ಧಾರಗಳಿಗೆ ನಮ್ಮ ಈ ಬಣ್ಣಗಳೇ ಆಧಾರ. ನೂರು ಪ್ರಾಜೆಕ್ಟುಗಳ ನೂರು ಹಸಿರುಗಳನ್ನು ಕೂಡಿಸಿ ಯಾವ ದೇಶಕ್ಕೆ ಹೋಗಬೇಕು, ಯಾವ ಕಂಪನಿ ಕೊಳ್ಳಬೇಕು, ಎಷ್ಟು ಜನರನ್ನು ತೆಗೆಯಬೇಕು ಎಂದು ಅವರು ತೀರ್ಮಾನಿಸುತ್ತಾರೆ. ಈಗ ಅದಕ್ಕೆ ಎಐ ಸೇರಿಕೊಂಡಿದೆ. ಎಐಯಿಂದ ಕೆಲಸ ಎಷ್ಟು ಉಳಿಯಿತು ಎಂದು ಮೇಲಿನವರು ಕೇಳುತ್ತಾರೆ, ಅವರಿಗೆ ಬೇಕಾದ ಅಂಕಿ ಯಾವುದೆಂದು ಊಹಿಸಿ ನಾವು ಕೊಡುತ್ತೇವೆ. ಆ ಅಂಕಿಯ ಮೇಲೆ ನಾಳೆ ನಮ್ಮದೇ ಹುಡುಗರ ಕೆಲಸ ಹೋಗುತ್ತದೆ.

"ಇಎಂಐ ಇದೆ ಮಾರಾಯ" ಎಂಬುದು ಇನ್ನೊಂದು ಉತ್ತರ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಊರು ಬಿಟ್ಟು ಬಂದವರಿಗೆ ಕೆಲಸವೇ ನೆಲ. ರಾಯಚೂರಿನಲ್ಲಿ ಅಪ್ಪನ ಔಷಧಿ, ಇಲ್ಲಿ ಮಕ್ಕಳ ಫೀಸು, ಮಿಯಾಪುರದ ಫ್ಲ್ಯಾಟಿನ ಸಾಲ, ಎಲ್ಲವೂ ಒಂದೇ ಸಂಬಳದ ಮೇಲೆ ನಿಂತಿವೆ. ಅದಕ್ಕೇ ಧೈರ್ಯದ ಹೊರೆಯನ್ನೆಲ್ಲ ಕೆಳಗಿನವನ ತಲೆಗೆ ಹೊರಿಸಬಾರದು ಎನ್ನುತ್ತೇನೆ. ನಿಜ ಹೇಳಲು ಹುತಾತ್ಮನೇ ಬೇಕಾದ ಸಂಸ್ಥೆಯಲ್ಲಿ ನಿಜ ಹೇಳುವವರು ಸಿಗುವುದಿಲ್ಲ.

ಸತ್ಯಂ ನಂತರ 2013ರ ಕಂಪನಿ ಕಾಯ್ದೆ ಬಂತು. ಸ್ವತಂತ್ರ ನಿರ್ದೇಶಕರ ಹೊಣೆ ಬಿಗಿಯಾಯಿತು, ಇಂತಿಷ್ಟು ವರ್ಷಕ್ಕೆ ಆಡಿಟರ್ ಬದಲಾಗಬೇಕು ಎಂದಾಯಿತು. ಒಳ್ಳೆಯದೇ. ಆದರೆ ಶುಕ್ರವಾರ ಸಂಜೆ ಐದರ ವರದಿಯೊಳಗೆ ಯಾವ ಕಾಯ್ದೆಯೂ ಇಳಿದು ಬರುವುದಿಲ್ಲ. ಅಲ್ಲಿ ನಡೆಯುವುದು ನಾಯಕರ ಮುಖಭಾವದ ಕಾಯ್ದೆ. ಕೆಂಪು ಕಂಡಾಗ ಅವರು ಹುಬ್ಬು ಗಂಟಿಕ್ಕುತ್ತಾರೋ, ಕುರ್ಚಿ ಎಳೆದುಕೊಂಡು ಕೂರುತ್ತಾರೋ ಎಂಬುದನ್ನು ಇಡೀ ಕಚೇರಿ ನೋಡಿ ಕಲಿಯುತ್ತದೆ.

ಬೇರೆ ಥರ ಸಾಧ್ಯವೆಂಬುದಕ್ಕೆ ಸಾಕ್ಷಿಯೂ ಇದೇ ಸತ್ಯಂ. ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್, ಸಿ. ಅಚ್ಯುತನ್ ಅವರನ್ನು ನೇಮಿಸಿತು, ಮತ್ತೆ ಮೂವರನ್ನು ಸೇರಿಸಿತು. ಲೆಕ್ಕ ಸುಳ್ಳು ಎಂದು ಜಗತ್ತಿಗೇ ಗೊತ್ತಿದ್ದ ಕಂಪನಿ ಅದು. ಅವರು ಕೆಟ್ಟ ಸುದ್ದಿಯಿಂದಲೇ ಕೆಲಸ ಆರಂಭಿಸಿದರು. ಲೆಕ್ಕ ತಿರುಗಿ ಬರೆಯಲು ಹೊಸಬರನ್ನು ಕರೆದರು, ಗ್ರಾಹಕರನ್ನು ಹಿಡಿದಿಟ್ಟುಕೊಂಡರು, ಸಂಬಳಕ್ಕೆ ದಾರಿ ಹುಡುಕಿದರು, ಬಹಿರಂಗ ಹರಾಜು ಇಟ್ಟರು. ಏಪ್ರಿಲ್ 13ರಂದು ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿಯಂತೆ ಕೂಗಿ ಗೆದ್ದಿತು. ತಪ್ಪೊಪ್ಪಿಗೆಯಿಂದ ಅಲ್ಲಿಗೆ ನೂರು ದಿನವೂ ಆಗಿರಲಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟು ಕಂಪನಿಯನ್ನು ಮುಳುಗಿಸಿದ್ದರು, ಮೂರು ತಿಂಗಳು ಬಿಚ್ಚಿಟ್ಟು ಉಳಿಸಿದರು.

ಹಾಗಾಗಿ ನಾಯಕರಿಗೆ ನನ್ನ ಬೇಡಿಕೆ ಚಿಕ್ಕದು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಂಪನಿಯ ಪದ್ಧತಿಯಲ್ಲಿ, ದೋಷ ಕಂಡ ಯಾವ ಕೆಲಸಗಾರ ಬೇಕಾದರೂ ಒಂದು ಹಗ್ಗ ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ಅಲ್ಲೇ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನಮ್ಮ ಕಚೇರಿಗಳಲ್ಲೂ ಅಂಥ ಹಗ್ಗ ಕಟ್ಟಿ. ಕೆಂಪು ಹಾಕಿದವನ ರೇಟಿಂಗನ್ನು ಅವನ ಮ್ಯಾನೇಜರ್ ಒಬ್ಬನೇ ಬರೆಯುವಂತಿರಬಾರದು. ತಿಂಗಳುಗಟ್ಟಲೆ ಹಸಿರಿದ್ದು ಒಂದೇ ದಿನ ಕೆಂಪಾದ ಪ್ರಾಜೆಕ್ಟಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಹಸಿರು ಹಾಕಿದವನನ್ನು. ಅಂದರೆ ನನ್ನಂಥವನನ್ನು.

ಈ ಬರಹಕ್ಕೆ ಕೂರುವ ಮೊದಲು ಆ ಸಿಂಧನೂರಿನ ಹುಡುಗನಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿ ಟೀಮ್ ಲೀಡ್. ತಪ್ಪಾಯ್ತು ಎಂದೆ. "ಅದೆಲ್ಲ ಹ್ವಾದ ಮಾತು ಬಿಡ್ರಿ ಸರ್" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಈಗ ನಿಮ್ಮ ಟೀಮಿನ್ಯಾಗ ಯಾರರ ಆಗಂಗಿಲ್ಲ ಅಂದ್ರ ಏನ್ ಮಾಡ್ತೀರಿ?" ಎಂದು ಕೇಳಿದ.

ಕಳೆದ ಶುಕ್ರವಾರ ನನ್ನ ತಂಡದ ಹುಡುಗಿಯೊಬ್ಬಳು ಹಾಗೆಂದಳು. ಅವಳ ಕೆಂಪನ್ನು ಕೆಂಪಾಗಿಯೇ ಮೇಲೆ ಕಳಿಸಿದೆ. ಫೋನ್ ಬಂತು. ಈ ಸಲ ನಾನು ನೋಡಿಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ನನ್ನ ಅಪ್ರೈಸಲ್ ಇದೆ.