ಎರಡು ಹೊಟ್ಟೆಯ ಬಂಡಿ

ಉಡುಗೊರೆಯಾಗಿ ಬಂದ ಪಾತ್ರೆಯನ್ನು, ಸುತ್ತಿದ ಕಾಗದವನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟು ಮರೆಯುವ ಮನೆಗಳುಂಟು. ಪಾತ್ರೆಗೆ ಅದರಿಂದ ಕೇಡೇನೂ ಇಲ್ಲ. ಆದರೆ ಸಾವಿರಾರು ಪೌಂಡು ಬೆಲೆಯ ಮೋಟಾರು ಗಾಡಿಯನ್ನು ತಂದು ದಿನವೂ ಓಡಿಸುತ್ತ, ಅದಕ್ಕೆ ವಿದ್ಯುತ್ತನ್ನು ಉಣಿಸುವ ತಂತಿಯನ್ನು ಮಾತ್ರ ಹೊದಿಕೆಯಿಂದ ಹೊರಗೆ ತೆಗೆಯದಿದ್ದರೆ ಏನೆನ್ನಬೇಕು?

2018ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸುದ್ದಿಯೊಂದು ಇಂಥದೇ ಆಗಿತ್ತು. ಕಂಪೆನಿಗಳು ತಮ್ಮ ನೌಕರರಿಗೆ ಒದಗಿಸುವ ಕಾರುಗಳ ಇಂಧನದ ಲೆಕ್ಕವನ್ನು ನೋಡಿಕೊಳ್ಳುವ ‘ದಿ ಮೈಲ್ಸ್ ಕನ್ಸಲ್ಟೆನ್ಸಿ’ ಎಂಬ ಸಂಸ್ಥೆ, ‘ಪ್ಲಗ್-ಇನ್ ಹೈಬ್ರಿಡ್’ ಎಂಬ ಜಾತಿಗೆ ಸೇರಿದ ಸುಮಾರು 1,500 ಕಾರುಗಳ ಖರ್ಚನ್ನು ಕೂಡಿಸಿ ನೋಡಿತು. ತಯಾರಕರು ಹೇಳಿದ್ದು ಸರಾಸರಿಯಲ್ಲಿ ಗ್ಯಾಲನ್ನಿಗೆ 129.68 ಮೈಲಿ, ರಸ್ತೆಯ ಮೇಲೆ ಅವು ಓಡಿದ್ದು 39.27 ಮೈಲಿ. ಲೀಟರಿನ ಅಳತೆಯಲ್ಲಿ ಹೇಳುವುದಾದರೆ, 46 ಕಿಲೋಮೀಟರು ಓಡಬೇಕಾಗಿದ್ದ ಗಾಡಿ ಓಡಿದ್ದು 14 ಕಿಲೋಮೀಟರು. ಕೆಲವು ಕಾರುಗಳ ಡಿಕ್ಕಿಯಲ್ಲಿ ವಿದ್ಯುತ್ತಿನ ತಂತಿ, ಸುತ್ತಿದ ತೆಳು ಹೊದಿಕೆಯೊಳಗೆ ಹಾಗೆಯೇ ಮಲಗಿತ್ತೆಂದು ಆ ಸಂಸ್ಥೆಯ ಮುಖ್ಯಸ್ಥರು ತಿಳಿಸಿದರು.

ಗಾಡಿ ಕೆಟ್ಟಿತ್ತೇ? ಇಲ್ಲ. ಅಂಕಿಯನ್ನು ಯಾರಾದರೂ ತಿದ್ದಿ ಬರೆದಿದ್ದರೇ? ಹಾಗೂ ಅಲ್ಲ, ಆ ಅಂಕಿ ಹೊರಟದ್ದು ಸರ್ಕಾರಗಳೇ ಒಪ್ಪಿದ ಸೂತ್ರದಿಂದ. ಹಾಗಾದರೆ ಲೀಟರೊಂದಕ್ಕೆ 32 ಕಿಲೋಮೀಟರಿನಷ್ಟು ದಾರಿ ಎಲ್ಲಿ ಮಾಯವಾಯಿತು? ಇದನ್ನು ತಿಳಿಯಬೇಕಾದರೆ ಈ ಬಂಡಿಯ ಹೊಟ್ಟೆಯನ್ನು ಸ್ವಲ್ಪ ಇಣಿಕಿ ನೋಡಬೇಕು.

ಸಾಮಾನ್ಯ ಕಾರಿಗೆ ಇರುವುದು ಒಂದೇ ಹೊಟ್ಟೆ: ಪೆಟ್ರೋಲಿನ ಟ್ಯಾಂಕು. ವಿದ್ಯುತ್ ಕಾರಿಗೂ ಒಂದೇ: ಬ್ಯಾಟರಿ. 1997ರಲ್ಲಿ ಜಪಾನಿನ ಟೊಯೋಟಾ ಕಂಪೆನಿ ಮಾರಾಟಕ್ಕೆ ತಂದ ‘ಪ್ರಿಯಸ್’ ಎಂಬ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಇದ್ದರೂ ಅದಕ್ಕೆ ಸ್ವತಂತ್ರವಾದ ಊಟವಿರಲಿಲ್ಲ. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನೂ ಎಂಜಿನ್ನಿನಿಂದ ದೊರೆತದ್ದನ್ನೂ ಅದು ಕೂಡಿಟ್ಟುಕೊಳ್ಳುತ್ತಿತ್ತು. ಮೂಲದಲ್ಲಿ ಎಲ್ಲವೂ ಪೆಟ್ರೋಲಿನದೇ ದುಡಿಮೆ. ಪ್ಲಗ್-ಇನ್ ಹೈಬ್ರಿಡ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಟರಿಯನ್ನು ದೊಡ್ಡದು ಮಾಡಿ, ಅದನ್ನು ಮನೆಯ ಗೋಡೆಯ ಪ್ಲಗ್ಗಿನಿಂದ ತುಂಬಿಸುವ ಏರ್ಪಾಡು ಮಾಡಿದರು. ಚೀನಾದ ಬಿವೈಡಿ ಕಂಪೆನಿ 2008ರ ಡಿಸೆಂಬರಿನಲ್ಲಿಯೂ, ಅಮೆರಿಕದ ಜನರಲ್ ಮೋಟಾರ್ಸ್ ‘ಷೆವ್ರೊಲೆ ವೋಲ್ಟ್’ ಎಂಬ ಹೆಸರಿನಲ್ಲಿ 2010ರ ಡಿಸೆಂಬರಿನಲ್ಲಿಯೂ ಇಂಥ ಕಾರುಗಳನ್ನು ಹೊರತಂದವು. ವೋಲ್ಟಿನ ಬ್ಯಾಟರಿಯಲ್ಲಿ 16 ಯೂನಿಟ್ ವಿದ್ಯುತ್ತು ಹಿಡಿಯುತ್ತಿತ್ತು. ಅದರ ತೂಕ ಸುಮಾರು 200 ಕಿಲೋಗ್ರಾಂ. ಒಮ್ಮೆ ತುಂಬಿದರೆ 35 ಮೈಲಿ, ಎಂದರೆ 56 ಕಿಲೋಮೀಟರು, ಒಂದು ತೊಟ್ಟು ಪೆಟ್ರೋಲನ್ನೂ ಸುಡದೆ ಓಡುವುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಗೊತ್ತುಮಾಡಿತು. ಅದು ಮುಗಿದ ಮೇಲೆ ಪೆಟ್ರೋಲ್ ಎಂಜಿನ್ನು ಎಚ್ಚರಗೊಳ್ಳುತ್ತಿತ್ತು.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯುಂಟು. ಈ ಬಂಡಿಯಲ್ಲಿ ಆ ಭಯವಿಲ್ಲ. ಎರಡು ಬಗೆಯ ಪ್ರಾಣಿಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದರೂ, ಒಳಗೆ ಕುಳಿತ ಗಣಕಯಂತ್ರ ಅವುಗಳನ್ನು ಜಗಳವಿಲ್ಲದೆ ದುಡಿಸುತ್ತದೆ. ಆದರೆ ಮೇವು ಹಾಕುವ ಕೆಲಸ ಅದರದಲ್ಲ, ಅದು ಯಜಮಾನನದು. ಒಂದು ಪ್ರಾಣಿಗೆ ಮೇವು ಬೀಳದಿದ್ದರೂ ಬಂಡಿ ನಿಲ್ಲುವುದಿಲ್ಲ, ಗುರುಗುಟ್ಟುವುದೂ ಇಲ್ಲ. ಇನ್ನೊಂದು ಪ್ರಾಣಿ ಇಡೀ ಭಾರವನ್ನು ಸದ್ದಿಲ್ಲದೆ ಎಳೆಯುತ್ತ ಹೋಗುತ್ತದೆ. ಈ ಬಂಡಿಯ ಗುಣವೂ ಅದೇ, ದೋಷವೂ ಅದೇ.

ಒಂದು ಮನೆಯ ಲೆಕ್ಕವನ್ನು ಹಿಡಿದು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಯೂರೋಪಿನ ಯಾವುದೋ ಪಟ್ಟಣದಲ್ಲಿ ಒಂದು ಸಂಸಾರವಿದೆಯೆಂದೂ, ಅವರ ಕಾರು ಬ್ಯಾಟರಿಯ ಬಲದಿಂದ 40 ಕಿಲೋಮೀಟರು ಓಡುವುದೆಂದೂ, ಪೆಟ್ರೋಲಿನಲ್ಲಿ ಓಡಿದರೆ 100 ಕಿಲೋಮೀಟರಿಗೆ 7 ಲೀಟರು ಬೇಕೆಂದೂ ಇಟ್ಟುಕೊಳ್ಳಬಹುದು. ವಾರದಲ್ಲಿ ಐದು ದಿನ ಕಚೇರಿಗೆ ಹೋಗಿ ಬರಲು ದಿನಕ್ಕೆ 40 ಕಿಲೋಮೀಟರು. ಭಾನುವಾರ ನೆಂಟರ ಊರಿಗೆ ಹೋಗಿ ಬರಲು 160. ವಾರಕ್ಕೆ ಒಟ್ಟು 360 ಕಿಲೋಮೀಟರು. ಪ್ರತಿ ರಾತ್ರಿಯೂ ತಪ್ಪದೆ ಪ್ಲಗ್ಗು ಚುಚ್ಚುವ ಮನೆಯಲ್ಲಿ ಕಚೇರಿಯ ಓಡಾಟವೆಲ್ಲ ವಿದ್ಯುತ್ತಿನಲ್ಲಿಯೇ ಮುಗಿಯುತ್ತದೆ. ಭಾನುವಾರದ 120 ಕಿಲೋಮೀಟರಿಗೆ ಮಾತ್ರ 8.4 ಲೀಟರು ಪೆಟ್ರೋಲು. ಲೀಟರಿಗೆ ಸುಮಾರು 43 ಕಿಲೋಮೀಟರು ಬಿತ್ತು! ವಾರದಲ್ಲಿ ಎರಡು ರಾತ್ರಿ ಮರೆತು, ಕಚೇರಿಯ ಎರಡು ದಿನ ಬರಿಯ ಪೆಟ್ರೋಲಿನಲ್ಲಿ ಕಳೆದರೆ 14 ಲೀಟರು. ಲೀಟರಿಗೆ 26 ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಒಂದು ದಿನವೂ ಚುಚ್ಚದಿದ್ದರೆ 25.2 ಲೀಟರು, ಲೀಟರಿಗೆ 14 ಕಿಲೋಮೀಟರಿಗೆ ತುಸು ಮೇಲೆ. ಕಾರು ಅದೇ, ದಾರಿ ಅದೇ, ಚಾಲಕನ ಕೈಯೂ ಅದೇ. ಬದಲಾದದ್ದು ಮಲಗುವ ಮುನ್ನಿನ ಅರ್ಧ ನಿಮಿಷದ ಕೆಲಸ.

ಮರೆತದ್ದು ಎರಡೇ ರಾತ್ರಿ. ಆದರೆ ಪೆಟ್ರೋಲಿನ ಖರ್ಚು ಒಂದಕ್ಕೆ ಒಂದೂಮುಕ್ಕಾಲಿನಷ್ಟು ಹತ್ತಿರ ಏರಿತು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಸಾಮಾನ್ಯ ಕಾರಿನಲ್ಲಿ ಅಜಾಗರೂಕತೆಗೆ ಇಷ್ಟು ದೊಡ್ಡ ದಂಡವಿಲ್ಲ. ಹೀಗಿರುವಲ್ಲಿ ‘ಈ ಕಾರು ಲೀಟರಿಗೆ ಎಷ್ಟು ಕೊಡುತ್ತದೆ?’ ಎಂಬ ಪ್ರಶ್ನೆಗೆ ಕಾರಿನಲ್ಲಿ ಉತ್ತರವಿಲ್ಲ. ಉತ್ತರವಿರುವುದು ಆ ಮನೆಯ ಅಭ್ಯಾಸದಲ್ಲಿ.

ಆದರೂ ಅಂಗಡಿಯಲ್ಲಿ ಕಾರಿನ ಮೇಲೆ ಒಂದು ಅಂಕಿ ಬರೆದಿರಲೇಬೇಕಲ್ಲವೇ? ಅಭ್ಯಾಸ ಗೊತ್ತಿಲ್ಲದ ಕಡೆ ಅದನ್ನು ಊಹಿಸಿಕೊಳ್ಳಬೇಕಾಯಿತು. ಯೂರೋಪಿನಲ್ಲಿ 2017ರವರೆಗೆ ನಡೆದುಬಂದ ಹಳೆಯ ಪರೀಕ್ಷೆಯ ಸೂತ್ರ ಬಹಳ ಸರಳ. ಬ್ಯಾಟರಿ ಬರಿದಾಗುವವರೆಗೆ ಕಾರು ವಿದ್ಯುತ್ತಿನಲ್ಲಿ ಓಡುತ್ತದೆ. ಆಮೇಲೆ ಕೇವಲ 25 ಕಿಲೋಮೀಟರು ಪೆಟ್ರೋಲಿನಲ್ಲಿ ಓಡುತ್ತದೆ. ಅಷ್ಟರಲ್ಲಿ ಮತ್ತೆ ಪ್ಲಗ್ಗು ಸಿಗುತ್ತದೆ ಎಂದು ಆ ಸೂತ್ರ ನಂಬಿತ್ತು. ಬ್ಯಾಟರಿಯಲ್ಲಿ 50 ಕಿಲೋಮೀಟರು ಓಡುವ ಕಾರಿಗೆ ಈ ಲೆಕ್ಕದಂತೆ ಮೂರರಲ್ಲಿ ಎರಡು ಪಾಲು ದಾರಿ ಪೆಟ್ರೋಲಿಲ್ಲದೆ ಸಾಗಿತು. ನೂರು ಕಿಲೋಮೀಟರಿಗೆ 6 ಲೀಟರು ಕುಡಿಯುವ ಎಂಜಿನ್ನು ಕಾಗದದ ಮೇಲೆ 2 ಲೀಟರಿನ ಸಾಧುಪ್ರಾಣಿಯಾಯಿತು. ಆ 25ರ ಬದಲು ಚಾಲಕನು 100 ಕಿಲೋಮೀಟರು ಪೆಟ್ರೋಲಿನಲ್ಲಿ ಓಡಿಸಿ ಆಮೇಲೆ ಪ್ಲಗ್ಗು ಚುಚ್ಚಿದರೆ ಅದೇ ಕಾರಿನ ಖರ್ಚು 4 ಲೀಟರು. ಹೀಗೆ ಅಂಕಿಯಲ್ಲಿ ಅಡಗಿದ್ದುದು ಯಂತ್ರದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಮನುಷ್ಯನ ಶ್ರದ್ಧೆಯ ಮೇಲಿನ ವಿಶ್ವಾಸ.

ಆ ವಿಶ್ವಾಸ ಎಷ್ಟರಮಟ್ಟಿಗೆ ನಿಜವಾಯಿತು? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯೂ ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಲಿಯೂ ಕೂಡಿ 2022ರಲ್ಲಿ ಯೂರೋಪಿನ ಸುಮಾರು 9,000 ಕಾರುಗಳ ದಾಖಲೆಗಳನ್ನು ಪರಿಶೀಲಿಸಿದವು. ಹೊಸ ಪರೀಕ್ಷೆಯ ಪ್ರಕಾರ ಈ ಕಾರುಗಳಿಗೆ ನೂರು ಕಿಲೋಮೀಟರಿಗೆ ಸರಾಸರಿ 1.6ರಿಂದ 1.7 ಲೀಟರು ಸಾಕಾಗಬೇಕಾಗಿತ್ತು. ಸ್ವಂತ ಹಣದಿಂದ ಕೊಂಡವರ ಕಾರುಗಳು 4.0ರಿಂದ 4.4 ಲೀಟರು ಸುಟ್ಟವು. ಕಂಪೆನಿ ಕೊಟ್ಟ ಕಾರುಗಳು 7.6ರಿಂದ 8.4 ಲೀಟರು ಸುಟ್ಟವು. ಸ್ವಂತದವರು ಓಡಾಟದಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ವಿದ್ಯುತ್ತಿನಲ್ಲಿ ನಡೆಸಿದರೆ, ಕಂಪೆನಿಯ ಕಾರಿನವರು ನಡೆಸಿದ್ದು ನೂರಕ್ಕೆ 11ರಿಂದ 15 ಪಾಲು.

ಈ ಎರಡು ಗುಂಪಿನವರ ನಡುವೆ ಬುದ್ಧಿಯ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸವಿರುವುದು ಹಣ ತೆರುವ ಕೈಯಲ್ಲಿ. ಕಂಪೆನಿಯ ಕಾರಿಗೆ ಪೆಟ್ರೋಲು ಹಾಕಿಸಿದರೆ ಆ ರಸೀತಿ ಕಂಪೆನಿಗೆ ಹೋಗುತ್ತದೆ. ಮನೆಯಲ್ಲಿ ಪ್ಲಗ್ಗು ಚುಚ್ಚಿದರೆ ಆ ವಿದ್ಯುತ್ತಿನ ಬಿಲ್ಲು ಬರುವುದು ನೌಕರನ ಹೆಸರಿಗೆ. ಊರವರ ಎಣ್ಣೆಯಿಂದ ದೀಪ ಉರಿಯುವಾಗ ಬತ್ತಿಯನ್ನು ತಗ್ಗಿಸುವವರು ವಿರಳ. ಅದರ ಮೇಲೆ, ಹೆದ್ದಾರಿಯಲ್ಲಿ ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರು ತಿರುಗುವವನಿಗೆ 40 ಕಿಲೋಮೀಟರಿನ ಬ್ಯಾಟರಿ ಬೆಳಗಿನ ಉಪಾಹಾರಕ್ಕೂ ಸಾಲದು. ಅಂಥವನೂ ಈ ಕಾರನ್ನೇ ಆರಿಸಿಕೊಂಡದ್ದೇಕೆ? ಕಾಗದದ ಮೇಲಿನ ಅಂಕಿ ತಗ್ಗಿದಷ್ಟೂ ತೆರಿಗೆ ತಗ್ಗುತ್ತಿದ್ದುದರಿಂದ. ಬ್ರಿಟನ್ನಿನ ಸರ್ಕಾರ ಇಂಥ ಹಲವು ಕಾರುಗಳಿಗೆ ತಲಾ 2,500 ಪೌಂಡು ಸಹಾಯಧನ ಕೊಡುತ್ತಿತ್ತು. 2018ರಲ್ಲಿ ಅದನ್ನು ನಿಲ್ಲಿಸಿತು. ಹೊದಿಕೆ ಬಿಚ್ಚದ ತಂತಿಗೂ ಪ್ರಜೆಗಳ ಹಣ ಸಂದಿತ್ತೆಂಬುದು ಈ ಪ್ರಸಂಗದ ಕಹಿಯಾದ ಭಾಗ.

ಮುಂದೆ ಊಹೆಗೆ ಎಡೆಯಿರಬಾರದೆಂದು ಯೂರೋಪಿನವರು 2021ರಿಂದ ಹೊಸ ಕಾರುಗಳೆಲ್ಲ ತಾವು ಸುಟ್ಟ ಇಂಧನವನ್ನು ತಾವೇ ಅಳೆದು ಬರೆದಿಟ್ಟುಕೊಳ್ಳುವಂತೆ ವಿಧಿಸಿದರು. ಆ ಬರಹಗಳನ್ನು ಕೂಡಿಸಿ ಯೂರೋಪಿಯನ್ ಆಯೋಗ 2024ರ ಮಾರ್ಚಿನಲ್ಲಿ ವರದಿ ಪ್ರಕಟಿಸಿತು. ಸಾಧಾರಣ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ಪರೀಕ್ಷೆಯಲ್ಲಿ ತೋರಿದ್ದಕ್ಕಿಂತ ಸುಮಾರು ಐದನೆಯ ಒಂದು ಪಾಲು ಹೆಚ್ಚು ಇಂಗಾಲಾಮ್ಲವನ್ನು ಉಗುಳಿದರೆ, ಪ್ಲಗ್-ಇನ್ ಹೈಬ್ರಿಡ್‌ಗಳು ತೋರಿದ್ದರ ಮೂರೂವರೆ ಪಟ್ಟು ಉಗುಳುತ್ತಿದ್ದವು. ಸುಟ್ಟ ಪೆಟ್ರೋಲಿನಷ್ಟೇ ಹೊಗೆ. ಇದರಲ್ಲಿ ವಾದಕ್ಕೆ ಸ್ಥಳವಿಲ್ಲ.

ತಪ್ಪೆಲ್ಲ ಮರೆಗುಳಿಗಳದೇ ಎಂದರೂ ಅನ್ಯಾಯವಾದೀತು. ಪ್ರತಿ ರಾತ್ರಿ ತಂತಿ ಜೋಡಿಸುವವರಿಗೂ ಅಂಗಡಿಯ ಅಂಕಿ ಕೈಗೆ ಸಿಗುವುದು ಕಷ್ಟ. ಚಳಿಗಾಲದಲ್ಲಿ ಒಳಗಿನವರನ್ನು ಬೆಚ್ಚಗಿಡಲು ಅನೇಕ ಕಾರುಗಳಲ್ಲಿ ಬ್ಯಾಟರಿ ತುಂಬಿದ್ದಾಗಲೂ ಎಂಜಿನ್ನು ತಾನಾಗಿ ಹೊತ್ತಿಕೊಳ್ಳುತ್ತದೆ. ಏರುದಾರಿಯಲ್ಲಿ ಕಾಲನ್ನು ಬಲವಾಗಿ ಒತ್ತಿದರೆ ಸಣ್ಣ ವಿದ್ಯುತ್ ಮೋಟಾರಿನ ಸಹಾಯಕ್ಕೆ ಎಂಜಿನ್ನು ಓಡಿಬರುತ್ತದೆ. ಇನ್ನು ಬ್ಯಾಟರಿ ಬರಿದಾದ ಮೇಲೆ ಅದು ಇಳಿದು ಹೋಗುವ ಪ್ರಯಾಣಿಕನಲ್ಲ. ಟಿಕೆಟ್ಟಿಲ್ಲದೆ ಕುಳಿತ ಎರಡು ಮೂರು ಜನರಂತೆ ಅದರ ಭಾರವನ್ನು ಪೆಟ್ರೋಲೇ ಹೊರಬೇಕು.

ವಿದ್ಯುತ್ತು ಧರ್ಮಕ್ಕೆ ಬರುವ ವಸ್ತುವೂ ಅಲ್ಲ. ಮೇಲಿನ ಸಂಸಾರ ವಾರಕ್ಕೆ 240 ಕಿಲೋಮೀಟರನ್ನು ಬ್ಯಾಟರಿಯಿಂದ ಓಡಿಸಿದ್ದಕ್ಕೆ, ನೂರು ಕಿಲೋಮೀಟರಿಗೆ 20 ಯೂನಿಟ್ಟಿನಂತೆ 48 ಯೂನಿಟ್ ಖರ್ಚಾಗುತ್ತದೆ. ‘ಲೀಟರಿಗೆ 43’ ಎಂದು ಹೆಮ್ಮೆಪಡುವಾಗ ಈ 48 ಯೂನಿಟ್ಟು ಮಾತಿನಲ್ಲಿ ಬರುವುದಿಲ್ಲ. ತಿಂಗಳ ಕೊನೆಗೆ ಬಿಲ್ಲಿನಲ್ಲಿ ಬರುತ್ತದೆ. ಅಮೆರಿಕದವರು ಇದಕ್ಕೊಂದು ಪರಿಹಾರ ಕಂಡುಕೊಂಡರು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿರುವ ಶಕ್ತಿ 33.7 ಯೂನಿಟ್ಟಿಗೆ ಸಮವೆಂದು ಹಿಡಿದು, ವೋಲ್ಟ್ ಕಾರಿನ ಚೀಟಿಯ ಮೇಲೆ ಎರಡೂ ಹೊಟ್ಟೆಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆದರು. ವಿದ್ಯುತ್ತಿನಲ್ಲಿ ಗ್ಯಾಲನ್ನಿನ ಸಮಕ್ಕೆ 93 ಮೈಲಿ. ಬರಿಯ ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ 37 ಮೈಲಿ. ಎರಡರ ನಡುವೆ ತನ್ನ ಸ್ಥಾನ ಯಾವುದೆಂಬುದನ್ನು ಕೊಳ್ಳುವವನೇ ತೀರ್ಮಾನಿಸಿಕೊಳ್ಳಬಹುದಾಗಿತ್ತು. ಒಂದೇ ಸಿಹಿಯಾದ ಅಂಕಿಗಿಂತ ಎರಡು ನೇರವಾದ ಅಂಕಿಗಳು ಲೇಸು.

ಯೂರೋಪಿನ ಸೂತ್ರವೂ ಈಗ ಬಿಗಿಯಾಗಿದೆ. 2025ರಿಂದ ಹೊಸ ಮಾದರಿಗಳಿಗೆ ವಿದ್ಯುತ್ತಿನ ಪಾಲನ್ನು ಕಡಿಮೆಯಾಗಿ ಎಣಿಸತೊಡಗಿದರು. 2027ರ ಹೊತ್ತಿಗೆ ಇನ್ನೊಂದು ಬಿಗಿ ಬರಬೇಕೆಂದು ನಿಯಮದಲ್ಲಿಯೇ ಬರೆದಿಟ್ಟರು. ಆದರೆ ಸೂತ್ರ ಎಷ್ಟೇ ಸತ್ಯವಾದರೂ ಅದು ಊರಿನ ಸರಾಸರಿಯನ್ನು ಹೇಳೀತೇ ಹೊರತು ಒಂದು ಮನೆಯ ಸತ್ಯವನ್ನು ಹೇಳಲಾರದು.

ಆದಕಾರಣ ಇಂಥ ಕಾರನ್ನು ಕೊಳ್ಳಹೊರಡುವ ಸಂಸಾರ ಅಂಗಡಿಯವನನ್ನು ಪ್ರಶ್ನಿಸುವ ಮೊದಲು ತನ್ನನ್ನೇ ಪ್ರಶ್ನಿಸಿಕೊಳ್ಳುವುದು ಒಳ್ಳೆಯದು. ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ಗು ಇದೆಯೇ, ಅಥವಾ ಮೂರನೆಯ ಮಹಡಿಯಿಂದ ತಂತಿ ಇಳಿಬಿಡಬೇಕೇ? ದಿನದ ಓಡಾಟ ಬ್ಯಾಟರಿಯ ಅಳತೆಯೊಳಗೆ ಮುಗಿಯುತ್ತದೆಯೇ? ದಣಿದು ಬಂದ ರಾತ್ರಿ, ಮಳೆ ಸುರಿಯುವಾಗಲೂ, ತಂತಿ ಜೋಡಿಸುವವರು ಮನೆಯಲ್ಲಿ ಯಾರು? ಬ್ಯಾಟರಿ ಬರಿದಾದ ಮೇಲೆ ಈ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ? ಮೊದಲ ಮೂರು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಸಿಕ್ಕಿದವರಿಗೆ ಈ ಬಂಡಿ ನಿಜವಾಗಿಯೂ ಮಿತವ್ಯಯದ ಸಂಗಾತಿ. ಅವರು ಪೆಟ್ರೋಲ್ ಬಂಕಿನ ದಾರಿಯನ್ನೇ ಮರೆಯಬಹುದು. ಸಿಗದವರು ನಾಲ್ಕನೆಯ ಪ್ರಶ್ನೆಯ ಉತ್ತರವನ್ನೇ ನಂಬಿ ಬೆಲೆಯನ್ನು ತೂಗಿ ನೋಡಬೇಕು.

ಮನೆಯಲ್ಲಿ ಬಾವಿಯಿದ್ದೂ ಹಗ್ಗವನ್ನು ಬಿಚ್ಚದೆ ದಿನವೂ ನೀರನ್ನು ಕೊಂಡು ತರುವವನು ಬಾವಿಯನ್ನು ಬೈದು ಫಲವಿಲ್ಲ.